ಸೋತವಳಿಗಿಲ್ಲದ ಕಲಂ

ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಹಿಂದೂ ವಿವಾಹ ಕಾಯ್ದೆ ಬಂದ ಮರುವರ್ಷ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು. ಮಡಿಕೇರಿ ಕೋರ್ಟಿನಲ್ಲಿ ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಒಬ್ಬ ಗಂಡ, ಅವನನ್ನು ಬಿಟ್ಟು ಬಂದಿದ್ದ ಹೆಂಡತಿ, ಸಾಕ್ಷಿ ಹೇಳಲು ಬಂದ ಅವಳ ಊರಿನ ಮುಖ್ಯಸ್ಥರಾದ ಹಿರಿಯ ತಕ್ಕರು ಹಾಜರಿದ್ದರು. ಕಡತ ಹಿಡಿದು ನಾನು ನನ್ನ ಸೀನಿಯರ್ ವಕೀಲರ ಹಿಂದೆ ನಿಂತಿದ್ದೆ. ಅವರು ಎಂದಿನಂತೆ ಬಲಗಿವಿಯನ್ನು ಪೀಠದ ಕಡೆ ಕೊಟ್ಟು ಅಡ್ಡಲಾಗಿ ನಿಂತಿದ್ದರು. ಹರೆಯದಲ್ಲಿ ಪಕ್ಕದಲ್ಲೇ ಕೋವಿ ಸಿಡಿದು ಅವರ ಎಡಗಿವಿ ಹೋಗಿತ್ತು.

ಹೊಸ ನ್ಯಾಯಾಧೀಶರು ಒಮ್ಮೆ, "ಮುಖ ಈ ಕಡೆ ಮಾಡಿ ಮಾತಾಡಿ" ಎಂದಿದ್ದರು.

"ಮುಖ ತೋರಿಸಿದರೆ ತಮ್ಮ ಮಾತು ಕೇಳಿಸುವುದಿಲ್ಲ ಸ್ವಾಮಿ. ಎರಡರಲ್ಲಿ ಯಾವುದು ಬೇಕು, ಅಪ್ಪಣೆಯಾಗಲಿ."

ಕಕ್ಷಿಗಾರರ ವಿಷಯದಲ್ಲಿ ಅವರ ನಿಯಮ ಒಂದೇ: "ಮೊದಲು ಕೆಟ್ಟದ್ದು ಹೇಳು, ಆಮೇಲೆ ಕಾಫಿ ಕೊಡು."

ಈ ಸಲ ನಮ್ಮ ಕಕ್ಷಿ ಹೆಂಡತಿ, ಆಕೆ ಭಾಗಮಂಡಲದ ಕಡೆಯ ಗೌಡರ ಮನೆಯವಳು. ಹೊಡೆತ ತಾಳಲಾರದೆ ತವರಿಗೆ ಬಂದಿದ್ದಳು. ತಕ್ಕರೇ ತಮ್ಮ ಜಗಲಿಯಲ್ಲಿ ಎರಡೂ ಮನೆಯವರನ್ನು ಕೂರಿಸಿ, ಒಡವೆ ಹಿಂದಿರುಗಿಸಿ, ಸಂಬಂಧ ಬಿಡಿಸಿದ್ದರು. ಅವರಲ್ಲಿ ಅದು ಹಿಂದಿನಿಂದ ನಡೆದು ಬಂದದ್ದು. ಸುಂಟಿಕೊಪ್ಪದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬ ಅವಳನ್ನು ಮದುವೆಯಾಗಲು ಒಪ್ಪಿದ್ದ. ಅದು ಕಿವಿಗೆ ಬಿದ್ದದ್ದೇ ತಡ, ಗಂಡ ಹೊಸ ಕಾಯ್ದೆ ಹಿಡಿದು ಬಂದ: ಹೆಂಡತಿ ತನ್ನೊಡನೆ ಬಾಳುವಂತೆ ಆಜ್ಞೆಯಾಗಬೇಕು! ಹೆಂಗಸರಿಗೆ ಬಿಡುಗಡೆ ಕೊಡಲೆಂದು ಬಂದ ಕಾನೂನನ್ನು ನಮ್ಮಲ್ಲಿ ಮೊದಲು ಬಳಸಿದ್ದು ಹೀಗೆ.

ರೂಢಿಯಂತೆ ಆದ ಬಿಡುಗಡೆಯನ್ನು ಹೊಸ ಕಾಯ್ದೆಯೂ ಒಪ್ಪುತ್ತಿತ್ತು. ಅಂಥ ರೂಢಿ ಇದೆಯೆಂದು ತೋರಿಸಿದರಾಯಿತು. ತಕ್ಕರು ಹಿಂದಿನ ದಿನ ನಮ್ಮ ಆಫೀಸಿನಲ್ಲಿ ಕೂತು ಅಂಥ ಎಷ್ಟೋ ಸಂಗತಿಗಳನ್ನು ಹೇಳಿದ್ದರು. ಕೋರ್ಟಿನಲ್ಲಿ ಎದುರು ವಕೀಲರು ನಕ್ಕು ಕೇಳಿದರು:

"ಏನು ತಕ್ಕರೇ, ಗಂಡನ್ನ ಬಿಡೋದು ನಿಮ್ಮ ಮನೆತನಗಳಲ್ಲಿ ಮಾಮೂಲೋ?"

ತಕ್ಕರ ಮುಖ ಕೆಂಪಾಯಿತು. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲೆ! ಮರ್ಯಾದಿಯ ಜನ ನಾವು. ಇದೊಂದೇ ಆದದ್ದು."

ಅಲ್ಲಿಗೆ ರೂಢಿ ಸತ್ತಿತು. ಹೊರಗೆ ಬಂದ ಮೇಲೆ ಸೀನಿಯರ್ ತಕ್ಕರನ್ನು ತಡೆದು ನಿಲ್ಲಿಸಿದರು.

"ನಿಮ್ಮ ಸ್ವಂತ ತಂಗಿಯನ್ನ ಬಿಡಿಸಿ ಮತ್ತೆ ಮದುವೆ ಮಾಡಿ ಕೊಡ್ಲಿಲ್ವಾ ನೀವು?"

"ಮಾಡಿದ್ದು ಹೌದು ವಕೀಲ್ರೇ. ಅದನ್ನ ಕೋರ್ಟಲ್ಲಿ ನಿಂತು ಸಾರ್‌ಲಿಕ್ಕೆ ಆಗ್ತದಾ?"

"ಆಗದಿದ್ದರೆ ಈ ಹುಡುಗಿಯ ಕಣ್ಣು ನೋಡಿ ಹೇಳಿ."

ತಕ್ಕರು ನೋಡಲಿಲ್ಲ, ಪೇಟ ಸರಿಮಾಡಿಕೊಂಡು ನಡೆದರು.

ಹೊಡೆತವನ್ನು ಕಂಡ ಹೊರಗಿನವರು ಯಾರೂ ಇರಲಿಲ್ಲ, ತೀರ್ಪು ಗಂಡನ ಪರ ಬಂತು. ಮೇಲ್ಮನವಿಯಲ್ಲೂ ತಕ್ಕರ ಸಾಕ್ಷಿಯೇ ಅಡ್ಡ ಬಂತು. ಸೀನಿಯರ್ ಅವಳಿಗೆ ಮೊದಲು ಕೆಟ್ಟದ್ದನ್ನೇ ಹೇಳಿದರು. ಎರಡು ವರ್ಷ ಆಕೆ ಹೋಗದಿದ್ದರೆ, ಅದೇ ಕಾರಣ ಕೊಟ್ಟು ಗೆದ್ದ ಗಂಡ ವಿಚ್ಛೇದನ ಕೇಳಬಹುದು, ಸೋತವಳು ಕೇಳುವಂತಿಲ್ಲ.

"ಅವರು ಕೇಳ್ತಾರಾ?" ಎಂದಳು.

"ಇಲ್ಲಮ್ಮ. ನಿನ್ನನ್ನ ಕಟ್ಟಿಹಾಕೋದೇ ಅವನಿಗೆ ಬೇಕಾದದ್ದು."

ಆಕೆ ಹೋಗಲಿಲ್ಲ, ಅವನು ಕೇಳಲಿಲ್ಲ. ಕೊಡಗು ಮೈಸೂರಿಗೆ ಸೇರಿತು, ಕೋರ್ಟಿನ ಬೋರ್ಡು ಬದಲಾಯಿತು, ಅವಳ ಸ್ಥಿತಿ ಬದಲಾಗಲಿಲ್ಲ. ಸೀನಿಯರ್ ಪ್ರತಿ ಬೇಸಿಗೆ ರಜೆಯಲ್ಲೂ ದೆಹಲಿಗೆ ಬರೆದರು: ಸೋತವರಿಗೂ ಆ ಹಕ್ಕು ಕೊಡಿ. ಉತ್ತರ ಬರಲಿಲ್ಲ. "ದೆಹಲಿಗೆ ಎರಡೂ ಕಿವಿ ಹೋಗಿದೆ ಕಣಯ್ಯ" ಎನ್ನುತ್ತಿದ್ದರು. ನಗಬೇಕೆಂದು ಹೇಳಿದ್ದಲ್ಲ, ನಾನು ನಗಲೂ ಇಲ್ಲ. ಕಾನೂನು ಯಾರಿಗೆ ಏನು ಕೊಟ್ಟಿದೆ ಎಂದು ಎಲ್ಲರೂ ಓದುತ್ತಾರೆ. ಯಾರನ್ನು ಹೊರಗಿಟ್ಟಿದೆ ಎಂದು ಹುಡುಕುವ ಅಭ್ಯಾಸ ನನಗೆ ಅವರಿಂದ ಬಂತು.

ಅವರು ತೀರಿಕೊಂಡ ಮರುವರ್ಷ ಕಲಂ ತಿದ್ದುಪಡಿಯಾಯಿತು. ಅವರು ಕೇಳಿದ್ದು ಅದನ್ನೇ. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆಕೆಗೆ ಹೇಳಿಕಳಿಸಿದೆ. ಬರುವಾಗ ಕೂದಲು ಅಲ್ಲಲ್ಲಿ ನರೆತಿತ್ತು. ರೈಟರ್ ಬೇರೆ ಮದುವೆಯಾಗಿದ್ದ, ಅವನ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದವು.

"ಈಗಲೂ ಅರ್ಜಿ ಹಾಕಬೇಕಾ?" ಎಂದೆ.

"ಹಾಕಿ ಅಣ್ಣ. ಯಾರನ್ನೂ ಮದುವೆ ಆಗ್ಲಿಕ್ಕಲ್ಲ. ಅವರ ಹೆಂಡತಿ ಅಂತ ಸಾಯ್ಲಿಕ್ಕೆ ಮನಸ್ಸಿಲ್ಲೆ."

ಕೋರ್ಟು ಮುಚ್ಚುವ ಮೊದಲೇ ಅರ್ಜಿ ದಾಖಲಿಸಿ, ಅವಳನ್ನು ಭಾಗಮಂಡಲದ ಬಸ್ಸು ಹತ್ತಿಸಿದೆ.