ಗಡುವಿಗೆ ಮುಂಚೆ ಬಂದ ಪುಸ್ತಕಗಳು

ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಹೆಂಗಸಿಗೆ ವಿದ್ಯಾರ್ಥಿಗಳು ಸದ್ದಕ್ಕ ಎಂದು ಹೆಸರಿಟ್ಟಿದ್ದರು. ಇಪ್ಪತ್ತಾರು ವರ್ಷದಿಂದ ಅವರು ದಿನಕ್ಕೆ ನೂರು ಸಲ "ಸದ್ದು!" ಎಂದು ಗದರುತ್ತಿದ್ದರು. ಆ ಹಾಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದು ಅದೇ ಎಂದು ಹೇಳುವ ಎದೆಗಾರಿಕೆ ಪ್ರಾಂಶುಪಾಲರಿಗೂ ಇರಲಿಲ್ಲ.

ಮಕ್ಕಳ ಬಗ್ಗೆ ಸದ್ದಕ್ಕನಿಗೆ ಭ್ರಮೆ ಇರಲಿಲ್ಲ. ಪುಸ್ತಕ ಒಯ್ದವರು ಗಡುವು ಮೀರುತ್ತಾರೆ, ಕೇಳಿದರೆ ಅಜ್ಜಿ ಹೋದರು ಅನ್ನುತ್ತಾರೆ. ಕೊನೆಯ ವರ್ಷದ ಒಬ್ಬನಂತೂ ಈವರೆಗೆ ಐದು ಅಜ್ಜಿಯರನ್ನು ಕಳೆದುಕೊಂಡಿದ್ದ.

ಹಾಗಾಗಿ ದಿನವೂ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ಮಧ್ಯಾಹ್ನ ತಾನು ಒಯ್ದಿದ್ದ ನಾಲ್ಕೂ ಪುಸ್ತಕಗಳನ್ನು ಗಡುವಿಗೆ ಹನ್ನೊಂದು ದಿನ ಮುಂಚೆಯೇ ತಂದಿಟ್ಟಾಗ ಅವರಿಗೆ ಅನುಮಾನ ಬಂತು. ಗುರುತಿಗಿಟ್ಟ ಚೀಟಿಗಳನ್ನೆಲ್ಲ ತೆಗೆದು, ರಟ್ಟು ಒರೆಸಿ ತಂದಿದ್ದಳು. ಮೇಲೆ ತನ್ನ ಕಾರ್ಡನ್ನೂ ಇಟ್ಟಳು.

"ಮುಂದಿನ ವಾರ ಪರೀಕ್ಷೆ ಅಲ್ವೇನೇ? ಓದೋದ್ ಬೇಡ್ವಾ?"

"ಇನ್ನು ಬೇಡ ಮೇಡಂ. ಹೋಗ್ತೀನಿ."

ಹೋಗ್ತೀನಿ ಅಂದದ್ದಕ್ಕೆ ಸದ್ದಕ್ಕ ತಲೆ ಎತ್ತಿ ನೋಡಿದರು. ಹೊರಟವರು ಬರ್ತೀನಿ ಅನ್ನುತ್ತಾರೆ. ಮತ್ತೆ ಇತ್ತ ತಲೆ ಹಾಕಿಯೂ ಮಲಗದವರು ಸಹ ಬರ್ತೀನಿ ಎಂದೇ ಹೋಗುತ್ತಾರೆ. ಅವರು ಕೌಂಟರ್ ಬಿಟ್ಟು ಓಡಿ, ಬಾಗಿಲಲ್ಲಿ ಅವಳ ಕೈ ಹಿಡಿದರು. ಗುಟ್ಟಾಗಿಯೇ ಕೇಳಬೇಕೆಂದಿದ್ದರು. ಆದರೆ ಪಿಸುಮಾತು ಅವರಿಗೆ ಅಭ್ಯಾಸವಿರಲಿಲ್ಲ.

"ಸಾಯ್ಬೇಕು ಅಂತ ಅನ್ನಿಸ್ತಿದೆಯೇನೇ ನಿಂಗೆ?"

ನಲವತ್ತು ತಲೆಗಳು ಒಟ್ಟಿಗೆ ಎದ್ದವು. ಹುಡುಗಿಯ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಊರವರ ಬಾಯಿ ಮುಚ್ಚಿಸಿದವಳಿಗೆ ತನ್ನ ಬಾಯಿ ಹಿಡಿತದಲ್ಲಿಲ್ಲವಲ್ಲ ಎಂದು ಸದ್ದಕ್ಕ ನಾಚಿಕೆಯಿಂದ ಕುಗ್ಗಿಹೋದರು.

ಅಷ್ಟರಲ್ಲಿ ಐದು ಅಜ್ಜಿಯರನ್ನು ಕಳೆದುಕೊಂಡವನು ಕುರ್ಚಿ ಸರಿಸಿ ಎದ್ದು ನಿಂತ.

"ನಂಗೆ ಹೋದ ವರ್ಷ ಅನ್ನಿಸ್ತಿತ್ತು," ಎಂದ, ಹಾಜರಿ ಹೇಳುವವನ ಹಾಗೆ. "ಅಣ್ಣಂಗೆ ಹೇಳ್ದೆ. ಡಾಕ್ಟ್ರ ಹತ್ರ ಕರ್ಕೊಂಡ್ ಹೋದ. ಈಗ ಪರವಾಗಿಲ್ಲ. ಆ ತಿಂಗಳು ನಿಮ್ಗೆ ಅಜ್ಜಿ ಹೋದ್ರು ಅಂದಿದ್ದೆ ಮೇಡಂ."

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಆಮೇಲೆ ಗೋಡೆ ಪಕ್ಕದಲ್ಲಿ ಇನ್ನೊಂದು. ಇಬ್ಬರೂ ಕೈ ಎತ್ತಿಕೊಂಡೇ ಕೂತರು.

ಹುಡುಗಿ ಆ ಕೈಗಳನ್ನೇ ನೋಡುತ್ತ ನಿಂತಳು. ನೋಡುತ್ತಿದ್ದಂತೆ ಅವಳಿಗೆ ಅಳು ಒತ್ತರಿಸಿ ಬಂತು.

"ನಮ್ಮಮ್ಮಂಗೆ ಫೋನ್ ಮಾಡ್ತೀರಾ? ನನ್ ಕೈಲಿ ಹೇಳಕ್ಕಾಗಲ್ಲ. ಅವಳು ಬರೋವರ್ಗೂ ನನ್ನ ಒಬ್ಬಳನ್ನೇ ಬಿಡ್ಬೇಡಿ ಮೇಡಂ."

ಸದ್ದಕ್ಕ ಹಿಡಿದ ಕೈ ಬಿಡದೆ, ಅವಳು ಹೇಳಿದ ನಂಬರನ್ನು ಇನ್ನೊಂದು ಕೈಯಲ್ಲಿ ಒತ್ತಿದರು.