ಕಾಗದನಗರದಿಂದ ಜೊತೆಗೆ ಬಂದವರು

ಶಿವಮೊಗ್ಗದಿಂದ ಬೆಳಿಗ್ಗೆ ಎಂಟೂವರೆಯ ಖಾಸಗಿ ಬಸ್ಸಿನಲ್ಲಿ ಭದ್ರಾವತಿಗೆ ಹೊರಟೆ. ಮುಕ್ಕಾಲು ಗಂಟೆಯ ದಾರಿ. ಆಸ್ಪತ್ರೆಯಲ್ಲಿ ಎಚ್‌ಐವಿ ಆಪ್ತಸಮಾಲೋಚಕಿಯಾಗಿ ಐದು ವರ್ಷ ಕಳೆದಿದ್ದರೂ ಒಬ್ಬರ ಮನೆಗೇ ಹೋಗಿ ರಕ್ತಪರೀಕ್ಷೆ ಮಾಡುವುದು ನನಗೆ ಅದೇ ಮೊದಲು. ಕಿಟ್ ಇದ್ದ ಚೀಲವನ್ನು ತೊಡೆಯಿಂದ ಕೆಳಗಿಡಲಿಲ್ಲ.

ಕರೆದವರು ಕಾಗದದ ಕಾರ್ಖಾನೆಯ ಕೆಲಸಗಾರ ರುದ್ರೇಶ್. ತಮಗೆ ಸೋಂಕಿದೆಯೆಂದು ತಿಳಿದ ದಿನವೇ ಹೆಂಡತಿಗೆ ಹೇಳಿದ್ದರು. ಅಂದಿನಿಂದ ಹತ್ತೊಂಬತ್ತು ದಿನ ಗಿರಿಜಮ್ಮ ಗಂಡನ ಜೊತೆ ಮಾತಾಡಿರಲಿಲ್ಲ. ತಾವೂ ಪರೀಕ್ಷೆಗೆ ಹೋದರೆ ಆಸ್ಪತ್ರೆಯಲ್ಲಿ ಗುರುತಿನವರು ಕಂಡಾರೆಂಬ ಭಯ ಬೇರೆ. ಕೊನೆಗೆ, 'ಮನೆಗೆ ಯಾರಾದ್ರೂ ಬಂದ್ರೆ ನೋಡೋಣ' ಎಂದು ಚೀಟಿ ಬರೆದು ಗಂಡನ ಊಟದ ಡಬ್ಬಿಯ ಮೇಲಿಟ್ಟಿದ್ದರಂತೆ.

ಭದ್ರಾವತಿಯಿಂದ ಕಾಗದನಗರಕ್ಕೆ ಆಟೋ ಹಿಡಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕ್ವಾರ್ಟರ್ಸಿನ ಬಾಗಿಲು ತೆರೆದ ರುದ್ರೇಶ್, ನಾವಿಬ್ಬರೇ ಮಾತಾಡಲೆಂದು ತಾವೇ ಹೊರಗೆ ಹೋದರು. ಗಿರಿಜಮ್ಮ ಎಲ್ಲ ಕೇಳಿಸಿಕೊಂಡು, "ಮಾಡಿ ಅಕ್ಕ" ಎಂದು ಬೆರಳು ನೀಡಿದರು. ಕಾಯುವಷ್ಟು ಹೊತ್ತೂ ಹುರುಳಿಕಾಯಿ ಹೆಚ್ಚುತ್ತ ಕೂತರು.

ಕಿಟ್ಟಿನ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು.

"ಇದೆ ಅಂತ ತಾನೇ?"

"ಶಿವಮೊಗ್ಗದಲ್ಲಿ ಇನ್ನೊಂದ್ಸಲ ನೋಡಿ ಖಾತ್ರಿ ಮಾಡ್ಬೇಕು. ಇದ್ರೂ ಮಾತ್ರೆ ಇದೆ, ಗಿರಿಜಮ್ಮ. ಬಿಡದೆ ತಗೊಂಡ್ರೆ ಎಲ್ಲರ ಹಾಗೆ ಬದುಕ್ಬಹುದು."

ಅವರು ಅತ್ತರು. ಕೈಗವಸು ತೆಗೆದು ಅವರ ಕೈ ಹಿಡಿದುಕೊಂಡೆ. ಕಣ್ಣೊರೆಸಿಕೊಂಡು ಕೇಳಿದರು: "ಇವ್ರು ಬಿಸಿಲಲ್ಲೇ ನಿಂತಿದಾರಾ?"

ಹೌದೆಂದೆ. ಎದ್ದು ಬಾಗಿಲಿಗೆ ಹೋದರು. "ಒಳಗೆ ಬನ್ನಿ. ಊಟ ಮಾಡಿ ಹೊರಡೋಣ."

ರುದ್ರೇಶ್‌ಗೆ ಚಪ್ಪಲಿ ಬಿಡುವುದೂ ಮರೆತುಹೋಯಿತು.

ಬಿಸಿ ಅನ್ನ, ಹುರುಳಿಕಾಯಿ ಪಲ್ಯ ಉಂಡು ಮೂವರೂ ಬಸ್ ಹತ್ತಿದೆವು. ಆಸ್ಪತ್ರೆಯ ಗೇಟಿನಲ್ಲಿ ಗಿರಿಜಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಹಿಂದೆ ಮಾತ್ರ ತಿರುಗಲಿಲ್ಲ. ಎರಡನೇ ಪರೀಕ್ಷೆಯೂ ಅದನ್ನೇ ಹೇಳಿತು. ಚಿಕಿತ್ಸೆಗೆ ಹೆಸರು ಬರೆಸಿದೆವು. ಮಾತ್ರೆ ಶುರುಮಾಡುವ ಮೊದಲು ಇನ್ನೊಂದು ರಕ್ತಪರೀಕ್ಷೆ ಇದೆ, ಸೋಮವಾರ ಇಬ್ಬರೂ ಬನ್ನಿ ಎಂದರು ಡಾಕ್ಟರು.

ಸಂಜೆ ಅವರನ್ನು ಭದ್ರಾವತಿ ಬಸ್ಸಿಗೆ ಹತ್ತಿಸಿದೆ. ಗಿರಿಜಮ್ಮ ಕಿಟಕಿಯಿಂದ ಬಗ್ಗಿ ಕೇಳಿದರು: "ಮಾತ್ರೆ ನಾವಿಬ್ರೂ ಒಂದೇ ಹೊತ್ತಿಗೆ ತಗೋಬಹುದಾ ಅಕ್ಕ? ಒಬ್ರು ಮರೆತ್ರೆ ಇನ್ನೊಬ್ರು ನೆನಪು ಮಾಡ್ತೀವಿ."

"ಧಾರಾಳವಾಗಿ."

ಬಸ್ ಹೊರಟಿತು. ಅವರು ಗಂಡನ ಕಡೆ ತಿರುಗಿ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ರುದ್ರೇಶ್ ತಲೆಯಾಡಿಸುತ್ತಿದ್ದದ್ದು ಮಾತ್ರ ತಿರುವಿನವರೆಗೂ ಕಾಣುತ್ತಿತ್ತು.