ಗುಂಡ ಕದಿಯದ ಮುದ್ದೆ

ದೊಡ್ಡಮುನಿಯಮ್ಮನವರಿಗೆ ಗುಂಡ ಸಿಕ್ಕಿದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ. ಚೀಲವನ್ನು ಕಾಲ ಪಕ್ಕದಲ್ಲಿಟ್ಟು ಅವರೆಕಾಯಿ ಆರಿಸುತ್ತಿದ್ದರು. ಹಿಂತಿರುಗುವಷ್ಟರಲ್ಲಿ ಒಂದು ಕಿವಿ ನಿಮಿರಿದ, ಇನ್ನೊಂದು ಜೋತುಬಿದ್ದ ಕಂದು ಬಣ್ಣದ ನಾಯಿಮರಿಯೊಂದು ಚೀಲದಿಂದ ಬನ್ನಿನ ಪ್ಯಾಕೆಟ್ ಎಳೆದುಕೊಂಡು ಸ್ಕೂಟರಿನಡಿ ಸೇರಿತ್ತು. "ಏಯ್, ಕಳ್ ನನ್ಮಗನೆ!" ಎಂದು ಚಪ್ಪಲಿ ಎತ್ತಿದರೂ ಓಡಲಿಲ್ಲ. ಅವರನ್ನೇ ನೋಡುತ್ತಾ ಬನ್ನು ಮುಗಿಸಿ, ಬಾಲ ಅಲ್ಲಾಡಿಸುತ್ತಾ ಮನೆಯವರೆಗೂ ಹಿಂದೆಯೇ ಬಂತು.

ಎರಡು ವರ್ಷದಲ್ಲಿ ಗುಂಡ ಆ ಮನೆಯಲ್ಲಿ ಕದಿಯದ ತಿನಿಸು ಉಳಿಯಲಿಲ್ಲ. ಹಂಚಿನ ಪಕ್ಕದ ದೋಸೆ, ಸೊಸೆ ಹಂಸ ಆರಲು ಇಟ್ಟ ಒಬ್ಬಟ್ಟು, ಒಮ್ಮೆ ಸಾರಿನ ಪಾತ್ರೆಯಿಂದ ಕೋಳಿಯ ಕಾಲು. ಆದ್ದರಿಂದ ದೊಡ್ಡಮುನಿಯಮ್ಮನವರ ತಟ್ಟೆಯ ಮುದ್ದೆ ಮಾಯವಾಗತೊಡಗಿದಾಗ ಯಾರೂ ಬೇರೇನೂ ಯೋಚಿಸಲಿಲ್ಲ.

ನಿಜ ಗೊತ್ತಿದ್ದುದು ಅವರೊಬ್ಬರಿಗೇ. ಮುದ್ದೆ ಇಳಿಯುತ್ತಿರಲಿಲ್ಲ. ತುತ್ತು ನುಂಗಿದರೆ ಎದೆಯ ನಡುವೆ ಕೆಂಡ ಇಟ್ಟಂತೆ ಉರಿ. ಅವರ ತಂಗಿಗೂ ಹೀಗೆಯೇ ಶುರುವಾಗಿ, ಕ್ಯಾನ್ಸರ್ ಎಂದು ತಿಳಿದ ಆರೇ ತಿಂಗಳಿಗೆ ಹೋಗಿಬಿಟ್ಟಿದ್ದಳು. ಹುಟ್ಟಿದಾಗಿನಿಂದ ಮುದ್ದೆ ಉಂಡವರು ಈಗ ಬೇಡವೆಂದರೆ ಆಸ್ಪತ್ರೆಗೆ ಎಳೆದೊಯ್ಯುತ್ತಾರೆ. ಅಲ್ಲಿ ಆ ಹೆಸರನ್ನೇ ಕೇಳಬೇಕಾಗುತ್ತದೆ. ಹಾಗಾಗಿ ಸಾರು ಕುಡಿದು, ಮುದ್ದೆಯನ್ನು ಗುಂಡನಿಗೆ ಜಾರಿಸಿ, "ಕಿತ್ಕೊಂಡ್ ಹೋಯ್ತು ನೋಡಮ್ಮ!" ಎನ್ನುತ್ತಿದ್ದರು.

"ಇನ್ನೊಂದ್ ಹಾಕ್ಲಾ ಅತ್ತೆ?"

"ಬ್ಯಾಡ, ಅರ್ಧ ತಿಂದಿದ್ದೆ."

ಎರಡು ತಿಂಗಳಿಗೆ ಹಂಸಳ ತಾಳ್ಮೆ ಮುಗಿಯಿತು. "ನಿಮ್ ಬಳೆ ನೋಡಿ ಅತ್ತೆ, ಮೊಣಕೈವರೆಗೂ ಜಾರ್ತಿದೆ. ಈ ಗುಂಡ ನೋಡಿದ್ರೆ ಹಂಡೆ ಆಗಿದೆ."

ಮಗ ಕೆಂಪರಾಜ್ ಸರಪಳಿ ತಂದ. ಕೆ.ಆರ್. ಪುರದ ಗೆಳೆಯನ ಗೋಡೌನಿನಲ್ಲಿ ಕಾವಲಿಗೆ ಕಟ್ಟಿಹಾಕಲು ನಾಯಿ ಬೇಕಿತ್ತು. ವಾಕಿಂಗ್ ಎಂದುಕೊಂಡು ಗುಂಡ ಕುಣಿಯುತ್ತಾ ಕತ್ತು ಕೊಟ್ಟಿತು. ದೊಡ್ಡಮುನಿಯಮ್ಮ ಗೇಟಿಗೆ ಅಡ್ಡ ನಿಂತರು.

"ಬಿಡೋ ಕೆಂಪ. ಅದು ಕದ್ದಿಲ್ಲ."

"ಇದಾ? ಬೆಳಿಗ್ಗೆ ತಾನೆ ನನ್ ಆಮ್ಲೆಟ್ ನುಂಗ್ತು!"

"ಆಮ್ಲೆಟ್ ಕದ್ದಿರ್ಬೋದು. ಮುದ್ದೆ ನಾನೇ ಹಾಕಿದ್ದು." ಅವರು ಗೇಟಿನ ಚಿಲಕ ಬಿಗಿಯಾಗಿ ಹಿಡಿದರು. "ನಂಗೆ ಇಳೀತಿಲ್ಲ ಕಣೋ. ನಿಮ್ ಚಿಕ್ಕಮ್ಮನ್ ಥರಾನೇ."

ಕೆಂಪರಾಜ್ ಸರಪಳಿ ಕೈಬಿಟ್ಟ.

ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಕೇಳಿದರು, "ಅಜ್ಜಿ, ಮಂಡಿ ನೋವಿನ ಮಾತ್ರೆ ಹೇಗ್ ತಗೋತೀರಾ?"

"ಒಂದ್ ಗುಟುಕು ನೀರ್ ಕುಡ್ದು ಮಲಗ್ತೀನಿ."

"ಆ ಮಾತ್ರೆನೇ ಅನ್ನನಾಳದಲ್ಲಿ ಅಂಟ್ಕೊಂಡು ಹುಣ್ಣಾಗಿದೆ. ವಾಸಿಯಾಗುತ್ತೆ."

ಹುಣ್ಣಿನ ಚೂರು ಪರೀಕ್ಷಿಸಿ ವಾರದ ನಂತರ ಬಂದ ವರದಿಯಲ್ಲೂ ಕ್ಯಾನ್ಸರ್ ಇರಲಿಲ್ಲ. ಆಟೋದಲ್ಲಿ ದೊಡ್ಡಮುನಿಯಮ್ಮ ದಾರಿಯುದ್ದಕ್ಕೂ ಅತ್ತರು. ಹಂಸ ಅವರ ಕೈ ಹಿಡಿದುಕೊಂಡೇ ಬೈದಳು: "ಎರಡ್ ತಿಂಗ್ಳು ಬಾಯ್ಬಿಡ್ದೆ ಕೂತಿದ್ರಲ್ಲ, ನಾವೇನ್ ಸತ್ತೋಗಿದ್ವಾ?"

ಈಗ ದೊಡ್ಡಮುನಿಯಮ್ಮ ಮಾತ್ರೆಗೆ ತುಂಬು ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿರುತ್ತಾರೆ. ಮಧ್ಯಾಹ್ನ ಇಡೀ ಮುದ್ದೆ ಉಣ್ಣುತ್ತಾರೆ, ಗುಂಡನ ಮೇಲೆ ಒಂದು ಕಣ್ಣಿಟ್ಟು.